ಒದ್ದ ಮೇಲೊಂದು ನಮಸ್ಕಾರ

ರಾಣೆಬೆನ್ನೂರು

ಕೈ ಇರುವುದು ಹಿಡಿಯುವುದಕ್ಕೋ ಹೊಡೆಯುವುದಕ್ಕೋ ಎಂಬುದು ಮನುಷ್ಯಕುಲ ಎರಡು ಕಾಲಿನ ಮೇಲೆ ಎದ್ದು ನಿಂತ ದಿನದಿಂದ ಇತ್ಯರ್ಥವಾಗದೆ ಉಳಿದಿರುವ ಪ್ರಶ್ನೆ. ನಮ್ಮ ಮನೆತನದ ಮಟ್ಟಿಗೆ ಅದು ಹನ್ನೊಂದು ಸೆಕೆಂಡಿನಲ್ಲಿ ಇತ್ಯರ್ಥವಾಯಿತು.

ನನ್ನ ಅಕ್ಕನ ಮಗಳು ಶಿವಲೀಲಾ ದಾವಣಗೆರೆಯಲ್ಲಿ ನಡೆದ ಒಂದು ಪಂದ್ಯಕ್ಕೆ ಹೋಗಿದ್ದಳು. ಹಿಡಿಯುವುದು, ಕೆಡವುವುದು, ಗುದ್ದುವುದು, ಒದೆಯುವುದು ಎಲ್ಲಕ್ಕೂ ಅಪ್ಪಣೆ ಇರುವ ಹೊಸ ಕಾಲದ ಕಾಳಗ ಅದು. ಗಂಟೆ ಬಾರಿಸಿದರು. ಲೀಲಾ ನಾನು ಕಲಿಸಿದಂತೆ ಸೊಂಟ ಬಗ್ಗಿಸಿ, ಎರಡೂ ಕೈ ಮುಂದೆ ಚಾಚಿ, ಎದುರಾಳಿಯನ್ನು ಹಿಡಿಯಲು ಹೋದಳು. ಆ ಹುಡುಗಿ ಚಾಚಿದ ಎರಡು ಕೈಗಳ ನಡುವೆ ಇದ್ದ ಖಾಲಿ ಜಾಗವನ್ನು ಸದುಪಯೋಗ ಮಾಡಿಕೊಂಡು ಮೂಗಿಗೆ ಗುದ್ದಿದಳು. ಪಂದ್ಯ ಮುಗಿಯಿತು. ಜೊತೆಗೆ ಬಂದಿದ್ದವರಲ್ಲಿ ಇಬ್ಬರು ಇನ್ನೂ ಕುರ್ಚಿ ಹುಡುಕುತ್ತಿದ್ದರು.

ನಾನು ರಾಣೆಬೆನ್ನೂರಿನಲ್ಲಿ ಹಗಲು ಬಿತ್ತನೆ ಬೀಜದ ಅಂಗಡಿ ನಡೆಸುವವನು. ಬೆಳಗು, ಸಂಜೆ ಗರಡಿಮನೆಯಲ್ಲಿ ಕುಸ್ತಿ ಕಲಿಸುವ ವಸ್ತಾದ. ಹೆಸರು ಫಕ್ಕೀರಪ್ಪ, ವಯಸ್ಸು ಐವತ್ತನಾಲ್ಕು. ಹೊಡೆತವೆಂಬುದು ಪಟ್ಟು ಬಾರದವನ ಭಾಷೆ ಎಂದು ಮೂವತ್ತು ವರ್ಷ ಬೋಧಿಸಿದ್ದೇನೆ. ಆ ತತ್ತ್ವದಲ್ಲಿ ಈಗಲೂ ನನಗೆ ದೋಷ ಕಾಣುವುದಿಲ್ಲ. ಎದುರಿನವರಿಗೂ ಅದು ಗೊತ್ತಿರಬೇಕು, ಅಷ್ಟೇ.

ಹತ್ತು ವರ್ಷದವಳಿದ್ದಾಗಿನಿಂದ ಲೀಲಾ ನನ್ನ ಗರಡಿಯ ಮಣ್ಣಿನಲ್ಲಿ ಬೆಳೆದವಳು. ಈಗ ಅವಳಿಗೆ ಇಪ್ಪತ್ತೆರಡು. ದಾವಣಗೆರೆಯಿಂದ ಬರುವ ಬಸ್ಸಿನಲ್ಲಿ ಮೂಗಿನ ಮೇಲೆ ಐಸ್ ಹಿಡಿದುಕೊಂಡು ಹರಿಹರ ದಾಟುವ ತನಕ ಕೂತಿದ್ದಳು. ತುಂಗಭದ್ರೆಯ ಸೇತುವೆಯ ಮೇಲೆ ಬಾಯಿ ಬಿಟ್ಟಳು.

“ಮಾಮಾ, ಹಿಡದ ಮ್ಯಾಲೆ ಏನ್ ಮಾಡಬೇಕು ಅಂತ ಹನ್ನೆರಡು ವರ್ಷ ಕಲಿಸೀರಿ. ಹಿಡಿಯೂದಕ್ಕಿಂತ ಮೊದಲ ಏನ್ ಮಾಡಬೇಕು ಅಂತ ಒಂದ ದಿನಾನೂ ಹೇಳಲಿಲ್ಲ.”

ನಾನು ಕಿಟಕಿಯ ಹೊರಗೆ ನೋಡಿದೆ. ಹೊಳೆಯಲ್ಲಿ ನೀರು ಚೆನ್ನಾಗಿತ್ತು.

ಹೀಗೆ ಅವಳು ಹೊಡೆಯುವ ವಿದ್ಯೆಯೊಂದನ್ನು ಕಲಿಯಬೇಕೆಂದು ನಿಶ್ಚಯವಾಯಿತು. ಯಾವುದು ಎಂಬಲ್ಲಿ ಜಗಳ. ನನ್ನ ಒಲವು ಬಾಕ್ಸಿಂಗ್ ಕಡೆಗೆ. ಎರಡು ಕೈ, ಎರಡು ಗವಸು, ಸೊಂಟದ ಮೇಲಿನ ವ್ಯವಹಾರ, ಸಭ್ಯಸ್ಥರು ನೋಡುವಂಥದು. ಅವಳ ಒಲವು ಥಾಯ್ ಬಾಕ್ಸಿಂಗ್ ಕಡೆಗೆ. ಅದರಲ್ಲಿ ಮುಷ್ಟಿ, ಮೊಣಕೈ, ಮೊಣಕಾಲು, ಕಾಲು ಎಲ್ಲವೂ ಕೆಲಸಕ್ಕೆ ಬರುತ್ತವೆ. ತಲೆಯೊಂದನ್ನು ಮಾತ್ರ ಬಿಟ್ಟಿದ್ದಾರೆ; ಬಹುಶಃ ಯೋಚನೆಗೆಂದು. ಥಾಯ್ಲೆಂಡಿನಲ್ಲಿ ಎರಡನ್ನೂ ಒಂದೇ ಸೂರಿನಡಿ ಕಲಿಸುವ ಶಿಬಿರವೊಂದನ್ನು ಲೀಲಾ ಫೋನಿನಲ್ಲಿ ಪತ್ತೆ ಮಾಡಿದಳು. ಹದಿನೈದು ದಿನ ಇದ್ದು, ಎರಡನ್ನೂ ಮಾಡಿ ನೋಡಿ, ಒಂದನ್ನು ಆರಿಸಬಹುದು. ಮುಂದಿನ ಪಂದ್ಯಕ್ಕೆ ಆಗ ನಾಲ್ಕು ತಿಂಗಳಿತ್ತು. ಬೀಜ ಕೊಳ್ಳುವ ಮುನ್ನ ಪ್ರಾತ್ಯಕ್ಷಿಕೆಯ ಹೊಲ ನೋಡಿ ಬರುವಂತೆ ಎಂದು ನಾನೂ ಒಪ್ಪಿದೆ.

ಬ್ಯಾಡಗಿ

ಒಪ್ಪಬೇಕಾದವನು ನಾನಲ್ಲ, ಅವಳ ಅಪ್ಪ. ನನ್ನ ಭಾವ ಚನ್ನಬಸಪ್ಪ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ. ಮಾರುಕಟ್ಟೆಯ ಅಂಗಳದಲ್ಲಿ ಕೆಂಪು ರಾಶಿಗಳ ನಡುವೆ ನಾವು ಸೀನುತ್ತ, ಕಣ್ಣೊರೆಸಿಕೊಳ್ಳುತ್ತ ನಿಂತರೆ ಭಾವ ಮಲ್ಲಿಗೆ ತೋಟದಲ್ಲಿ ನಿಂತವನಂತೆ ನಿಂತಿರುತ್ತಾನೆ. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಬೀಜದ ಸದ್ದು ಕೇಳಿ, ಎಷ್ಟು ಒಣಗಿದೆಯೆಂದು ಹೇಳುವವನು. ಮನುಷ್ಯರನ್ನೂ ಹಾಗೆಯೇ ಅಲ್ಲಾಡಿಸಿ ನೋಡುತ್ತಾನೆ. ಲೀಲಾ ಹೇಳಿದ್ದನ್ನೆಲ್ಲ ಕೇಳಿದ. ಆಮೇಲೆ ನನ್ನ ಕಡೆ ತಿರುಗಿದ.

“ಫಕ್ಕೀರಪ್ಪ, ಕೈಲೆ ಗುದ್ದಿದರ ಆಟ ಅನ್ನಬಹುದು. ಕಾಲಿಲೆ ಒದ್ದರ ಏನಂತಾರ? ನಮ್ಮ ಮನ್ಯಾಗ ಚೀಲಕ್ಕ ಕಾಲು ತಾಗಿದರೂ ನಮಸ್ಕಾರ ಮಾಡತೇವಿ.”

“ಚೀಲ ತಿರುಗಿ ಒದೆಯೂದಿಲ್ಲ, ಅಪ್ಪಾ,” ಎಂದಳು ಲೀಲಾ.

ಭಾವ ಹೇಳಿದ್ದು ಅತಿಶಯೋಕ್ತಿಯಲ್ಲ. ಆ ಮನೆಯಲ್ಲಿ ಕಾಲು ತಪ್ಪಿ ಯಾರಿಗಾದರೂ, ಯಾವುದಕ್ಕಾದರೂ ತಾಗಿತೆಂದರೆ, ತಕ್ಷಣ ಬಗ್ಗಿ ಅದನ್ನು ಬಲಗೈಯಿಂದ ಮುಟ್ಟಿ ಆ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಪುಸ್ತಕಕ್ಕೆ, ತಕ್ಕಡಿಗೆ, ಕಸಬರಿಗೆಗೆ, ಮಲಗಿದ ಬೆಕ್ಕಿಗೆ. ನಾನೂ ಹಾಗೆಯೇ ಬೆಳೆದವನು. ಆದ್ದರಿಂದ ನಾನು ಭಾವನ ಪಕ್ಷವೇ. ಲೀಲಾಳಿಗೆ ಅದು ಗೊತ್ತಿತ್ತು.

ಕೊನೆಗೆ ಭಾವ ತೀರ್ಪು ಕೊಟ್ಟ. ಇಬ್ಬರೂ ಹೋಗಿ ನೋಡಿ ಬರಬೇಕು. ಯಾವುದು ಯೋಗ್ಯ ಎಂದು ನಾನು ಹೇಳುತ್ತೇನೋ ಅದನ್ನು ಅವಳು ಕಲಿಯಬಹುದು. ಯಾವುದೂ ನನಗೆ ಸಮಾಧಾನ ತರಲಿಲ್ಲವೆಂದರೆ ಈ ಕಾಳಗದ ಮಾತನ್ನು ಅಲ್ಲಿಗೇ ಬಿಟ್ಟು ಅವಳು ಅಪ್ಪನ ಅಂಗಡಿಯ ಗಾದಿಯ ಮೇಲೆ ಬಂದು ಕೂರಬೇಕು. ಲೀಲಾ ನನ್ನ ಮುಖ ನೋಡಿದಳು. ಹನ್ನೆರಡು ವರ್ಷದಲ್ಲಿ ಎದುರಾಳಿಯನ್ನು ನೋಡುವಂತೆ ಅವಳು ನನ್ನನ್ನು ನೋಡಿದ್ದು ಅದೇ ಮೊದಲು.

ಹಾವೇರಿ

ಐವತ್ತು ದಾಟಿದ ಗಂಡಸು ಥಾಯ್ಲೆಂಡಿಗೆ ಹೊರಟರೆ ನಾಡಿನ ಜನ ಒಂದು ಬಗೆಯ ನಗು ನಗುತ್ತಾರೆ. ಇದು ನನಗೆ ಪಾಸ್‌ಪೋರ್ಟಿನ ಕೆಲಸಕ್ಕೆ ಹಾವೇರಿಗೆ ಎಡತಾಕುವಾಗ ಗೊತ್ತಾಯಿತು. ವಿಚಾರಣೆಗೆಂದು ಮನೆಗೆ ಬಂದ ಪೊಲೀಸಪ್ಪ ಒಳ್ಳೆಯ ಮನುಷ್ಯ. ಹೋಗುವ ಉದ್ದೇಶ ಕೇಳಿದ. ಒದೆಯುವ ವಿದ್ಯೆ ನೋಡಿಕೊಂಡು ಬರಲಿಕ್ಕೆ ಎಂದೆ.

“ಒದೆಯೂದು ನೋಡಾಕ,” ಎಂದ ಅವನು. “ಥಾಯ್ಲೆಂಡಿಗೆ.”

“ಹೌದ್ರಿ.”

“ಆತು ಬಿಡ್ರಿ. ಹಂಗ ಬರಕೊಂತೇನಿ.”

ಗುತ್ತಲದಿಂದ ಬೀಜ ಕೊಳ್ಳಲು ಬರುವ ಗಿರಾಕಿಗಳೂ ಅದೇ ನಗು ನಕ್ಕರು. ಅಕ್ಕನ ಮಗಳೂ ಜೊತೆಗೆ ಬರುತ್ತಾಳೆ ಎಂದು ನಾನು ಎಲ್ಲರಿಗೂ ಸಾರಿ ಹೇಳಬೇಕಾಯಿತು. ಅವಳನ್ನು ಕಾಯಲು ನಾನು ಹೊರಟಿದ್ದೆನೆಂದು ಭಾವ ತಿಳಿದಿದ್ದ. ನನ್ನ ಹೆಸರನ್ನು ಕಾದವಳು ಅವಳು.

ಗುರುವಿನ ಬಳಿ ಬರಿಗೈಯಲ್ಲಿ ಹೋಗಬಾರದೆಂದು ಹಾವೇರಿಯಲ್ಲಿ ಒಂದು ಏಲಕ್ಕಿ ಹಾರ ಮಾಡಿಸಿಕೊಂಡೆ. ಭಾವ ಎರಡು ಕಿಲೋ ಬ್ಯಾಡಗಿ ಮೆಣಸಿನಕಾಯಿ ಕಟ್ಟಿಕೊಟ್ಟ.

ಹೊಳೆದಂಡೆಯ ಊರು

ವಿಮಾನ ನಾಲ್ಕು ತಾಸಿನಲ್ಲಿ ಬ್ಯಾಂಕಾಕಿಗೆ ಮುಟ್ಟಿಸಿತು. ಬೆಂಗಳೂರು ಮುಟ್ಟುವುದಕ್ಕೆ ನಮಗೆ ಆರು ತಾಸು ಹಿಡಿದಿತ್ತು. ಅಲ್ಲಿಂದ ವ್ಯಾನಿನಲ್ಲಿ ಎರಡು ತಾಸು. ಶಿಬಿರ ಇದ್ದದ್ದು ಹೊಳೆದಂಡೆಯ ಒಂದು ಊರಿನಲ್ಲಿ: ಸುತ್ತ ಭತ್ತದ ಗದ್ದೆ, ಕಾಲುವೆ, ಬಾಳೆ, ಏರಿಯ ಮೇಲೆ ಕೂತ ಬಕಪಕ್ಷಿ. ನಮ್ಮ ತಾಲೂಕಿನ ಹೊಳೆದಂಡೆಯ ಹಳ್ಳಿ ಮೇಡ್ಲೇರಿಗೆ ಬಂದಿಳಿದಂತೆ ಆಯಿತು. ಇಷ್ಟು ದುಡ್ಡು ಕೊಟ್ಟು ಮೇಡ್ಲೇರಿಗೆ ಬಂದೆನಲ್ಲ ಎಂದು ಒಂದು ಕ್ಷಣ ಬೇಸರವೂ ಆಯಿತು. ವ್ಯತ್ಯಾಸವೆಂದರೆ ಅಲ್ಲಿಯ ಜನ ದನಿ ಎತ್ತುವುದಿಲ್ಲ. ವ್ಯಾನಿನ ಚಾಲಕನಿಗೆ ಎದುರಿನಿಂದ ಲಾರಿ ಅಡ್ಡ ಬಂತು. ಇಬ್ಬರೂ ನಿಂತು, ನಕ್ಕು, ಹಿಂದೆ ಸರಿದು, ಮತ್ತೆ ನಕ್ಕು ಹೋದರು. ಪರಸ್ಪರರ ಮನೆತನದ ವಿಚಾರ ಒಂದು ಮಾತೂ ಬರಲಿಲ್ಲ. ಹಾವೇರಿ ಬಸ್ ಸ್ಟ್ಯಾಂಡಿನಲ್ಲಿ ಇಷ್ಟು ಹೊತ್ತಿಗೆ ಎರಡು ತಲೆಮಾರು ಮುಗಿದಿರುತ್ತಿತ್ತು.

ಶಿಬಿರದ ಗುರುವನ್ನು ಎಲ್ಲರೂ ಖ್ರೂ ದೇಂಗ್ ಎಂದು ಕರೆಯುತ್ತಾರೆ. ಖ್ರೂ ಎಂದರೆ ನಮ್ಮ ಗುರುವೇ. ಅರವತ್ತರ ಆಸುಪಾಸು, ಕಿರುಬೆರಳಿನಷ್ಟು ಮೈ, ಆದರೆ ಮೊಣಕಾಲಿನ ಕೆಳಗಿನ ಎಲುಬು ಎತ್ತಿನಗಾಡಿಯ ನೊಗದಂತೆ. ಏಲಕ್ಕಿ ಹಾರವನ್ನು ಎರಡೂ ಕೈಯಿಂದ ತೆಗೆದುಕೊಂಡು, ಮೂಸಿ, ಕಣ್ಣು ಮುಚ್ಚಿ, ಅಖಾಡದ ಮೂಲೆಯ ಕಂಬಕ್ಕೆ ಹಾಕಿದ. ತನ್ನ ಕೊರಳಿಗೆ ಹಾಕಿಕೊಳ್ಳಲಿಲ್ಲ. ಮರ್ಯಾದೆ ಜಾಗಕ್ಕೆ ಸಲ್ಲಬೇಕೆಂದು ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿದ. ನನ್ನ ಇಂಗ್ಲಿಷೂ ಅದೇ ಜಾತಿಯದಾದ್ದರಿಂದ ನಮ್ಮಿಬ್ಬರಿಗೂ ಚೆನ್ನಾಗಿ ತಿಳಿಯುತ್ತಿತ್ತು. ಮಧ್ಯೆ ಸಿಕ್ಕವರಿಗೆ ಮಾತ್ರ ತಿಳಿಯುತ್ತಿರಲಿಲ್ಲ.

ಮೆಣಸಿನಕಾಯಿಯನ್ನು ಅಡುಗೆಯಮ್ಮನ ಕೈಗಿತ್ತೆ. ಇದು ಜಗತ್ಪ್ರಸಿದ್ಧ ಬ್ಯಾಡಗಿ ಮೆಣಸಿನಕಾಯಿ, ಜೋಪಾನ ಎಂದು ಎಚ್ಚರಿಸಿದೆ. ಆಕೆ ಒಂದು ಕಾಯಿ ಮುರಿದು ಬಾಯಿಗೆ ಹಾಕಿಕೊಂಡಳು. ಜಗಿದಳು. ಕಾದಳು. ಇನ್ನೊಂದು ಹಾಕಿಕೊಂಡಳು. ಆಮೇಲೆ ನನ್ನ ಬೆನ್ನು ತಟ್ಟಿದಳು. ಮಗ ಪರೀಕ್ಷೆಯಲ್ಲಿ ನಪಾಸಾದ ಮನೆಗೆ ಹೋದಾಗ ನಾವು ತಂದೆಯ ಬೆನ್ನು ತಟ್ಟುವ ಹಾಗೆ. ನಮ್ಮದು ಖಾರಕ್ಕಲ್ಲ, ಬಣ್ಣಕ್ಕೆ ಹೆಸರಾದದ್ದು ಎಂದು ವಿವರಿಸಬೇಕೆಂದಿದ್ದೆ. ಅಷ್ಟರಲ್ಲಿ ಆಕೆ ಹಸಿ ಪಪ್ಪಾಯಿಯ ಕೋಸಂಬರಿ ಮುಂದಿಟ್ಟಳು. ಅದರಲ್ಲಿ ಉಗುರಿನಷ್ಟು ಉದ್ದದ ಹಸಿರು ಕಾಯಿಗಳಿದ್ದವು. ಒಂದು ತುತ್ತು ತಿಂದೆ. ಮುಂದಿನ ಅರ್ಧ ತಾಸಿನ ವೃತ್ತಾಂತ ಓದುಗರಿಗೆ ಉಪಯೋಗವಿಲ್ಲ.

ಎರಡನೆಯ ದಿನ

ಬೆಳಿಗ್ಗೆ ಖ್ರೂ ದೇಂಗ್, ಸಂಜೆ ಬಾಕ್ಸಿಂಗಿನ ರಾಮೋನ್ ಎಂದು ಪಾಳಿ. ರಾಮೋನ್ ಫಿಲಿಪೈನ್ಸಿನವನು, ನಲವತ್ತರ ಪ್ರಾಯದ ಹಸನ್ಮುಖಿ, ಪಾದದಲ್ಲಿ ಸ್ಪ್ರಿಂಗ್ ಇದ್ದವನು. ನಾನು ಕುರ್ಚಿ ಹಾಕಿಕೊಂಡು ನ್ಯಾಯಾಧೀಶನಂತೆ ಕೂತೆ. ಖ್ರೂ ದೇಂಗ್ ಬಂದು ಕುರ್ಚಿಯನ್ನು ವಿನಯದಿಂದ ತೆಗೆದುಕೊಂಡು ಹೋದ. ನೋಡುವವನಿಗೂ ಬೆವರು ಬರಬೇಕು ಎಂಬುದು ಅವನ ಕಾಯಿದೆ. ಹೀಗೆ ಐವತ್ತನಾಲ್ಕನೆಯ ವಯಸ್ಸಿನಲ್ಲಿ ನಾನೂ ಶಿಷ್ಯನಾದೆ.

ಮೊದಲ ದಿನದ ಬೆವರಿಗೆ ಮೈಯೆಲ್ಲ ಹಿಡಿದುಕೊಂಡಿತು; ಮಾಲೀಸಿಗೆ ಕಳಿಸಿದರು. ಅಲ್ಲೊಂದು ತೊಡಕು. ಕುಸ್ತಿಯವನಿಗೆ ಬೆನ್ನು ನೆಲಕ್ಕೆ ತಾಗುವುದು ಎಂದರೆ ಚಿತ್. ಚಿತ್ ಎಂದರೆ ಸೋಲು. ನಾನು ಕಣಕ್ಕಿಳಿಯುವುದನ್ನು ಬಿಟ್ಟು ಇಪ್ಪತ್ತು ವರ್ಷವಾದರೂ ನಾಲ್ಕು ಜನರ ಎದುರಿಗೆ ಬೆನ್ನು ಹಾಸಿ ಮಲಗಿದವನಲ್ಲ. ಬಚ್ಚಲಿನಲ್ಲಿ ಜಾರಿದರೂ ಎದೆಯ ಮೇಲೆ ಬೀಳುತ್ತೇನೆ. ಮಾಲೀಸಿನಾಕೆ ನಲವತ್ತೈದು ಕಿಲೋ ಇದ್ದಿರಬಹುದು. ಅಂಗಾತ ಮಲಗು ಎಂದು ಸನ್ನೆ ಮಾಡಿದಳು. ಮಗ್ಗುಲಾದೆ. ಮತ್ತೆ ಸನ್ನೆ ಮಾಡಿದಳು. ಇನ್ನೊಂದು ಮಗ್ಗುಲಾದೆ. ಆಕೆ ನನ್ನ ಹೆಗಲಿಗೆ ಒಂದು ಕೈ, ಸೊಂಟಕ್ಕೆ ಒಂದು ಕೈ ಕೊಟ್ಟು ಏನು ಮಾಡಿದಳೋ, ಮೇಲಿನ ಫ್ಯಾನು ಕಂಡಿತು. ಬಾಗಿಲಲ್ಲಿ ನಿಂತಿದ್ದ ಲೀಲಾ ಮೂರು ಎಣಿಸಿದಳು.

“ಚಿತ್ ಆದ್ರಿ, ಮಾಮಾ.”

ಊರಲ್ಲಿ ಯಾರಿಗೂ ಹೇಳಕೂಡದೆಂದು ಮಾತು ತೆಗೆದುಕೊಂಡೆ. ಈಗ ನಾನೇ ಬರೆದಿದ್ದೇನೆ.

ಐದನೆಯ ದಿನ

ನಾನು ಮನಸ್ಸಿನಲ್ಲೇ ಆರಿಸಿಕೊಂಡು ಬಂದಿದ್ದ ಬಾಕ್ಸಿಂಗಿನ ಸಮಾಚಾರ ಹೇಳಬೇಕು. ರಾಮೋನ್ ಕಲಿಸುವುದರಲ್ಲಿ ಕೊರತೆ ಇರಲಿಲ್ಲ. ಗಲ್ಲ ಕೆಳಗೆ, ಕೈ ಮೇಲೆ, ಮೂಗು ಮನೆಯೊಳಗೆ. ಲೀಲಾ ಮೂರೇ ದಿನದಲ್ಲಿ ಅಷ್ಟು ಕಲಿತಳು. ಆದರೆ ಎದುರಾಳಿ ಒಂದು ಹೆಜ್ಜೆ ಹತ್ತಿರ ಬಂದರೆ ಸಾಕು, ಅವಳ ಕೈ ತಾನೇ ಹೋಗಿ ಹಿಡಿದುಬಿಡುತ್ತಿತ್ತು. ಕಂಕುಳಲ್ಲಿ ಕೈ, ಕುತ್ತಿಗೆಗೆ ಬಿಗಿ, ಸೊಂಟಕ್ಕೆ ಸೊಂಟ. ನಾನು ಹನ್ನೆರಡು ವರ್ಷ ಬಿತ್ತಿದ ಬೆಳೆ. ರಾಮೋನ್ ಚಪ್ಪಾಳೆ ತಟ್ಟಿ, ಬಿಡು ಎನ್ನುತ್ತಿದ್ದ. ಬಿಡುತ್ತಿದ್ದಳು. ಮತ್ತೆ ಹಿಡಿಯುತ್ತಿದ್ದಳು. ಮತ್ತೆ ಚಪ್ಪಾಳೆ. ಬಾಕ್ಸಿಂಗಿನಲ್ಲಿ ಹಿಡಿಯುವುದು ತಪ್ಪು. ಒಂದು ತಾಸು ನಾನು ಆ ಚಪ್ಪಾಳೆ ಕೇಳಿದೆ. ಅದು ನನ್ನ ಕೆನ್ನೆಗೇ ಬೀಳುತ್ತಿದ್ದಂತೆ ಅನಿಸತೊಡಗಿತು.

ಖ್ರೂ ದೇಂಗ್‌ನ ಕಡೆ ಬೇರೆ ಮಾತು. ಥಾಯ್ ಬಾಕ್ಸಿಂಗಿನಲ್ಲಿ ಹಿಡಿಯಬಹುದು. ಕುತ್ತಿಗೆ ಹಿಡಿದು ಬಗ್ಗಿಸಬಹುದು, ಎತ್ತಿದ ಕಾಲನ್ನು ಹಿಡಿಯಬಹುದು, ತಿರುವಿ ಕೆಡವಬಹುದು. ಲೀಲಾ ಮೊದಲ ಸಲ ಅವನ ಕುತ್ತಿಗೆಗೆ ಕೈ ಹಾಕಿದಾಗ ಅವನು ಬಿಡಿಸಿಕೊಳ್ಳಲು ನೋಡಿದ. ಆಗಲಿಲ್ಲ. ಇನ್ನೊಮ್ಮೆ ನೋಡಿದ. ಬಗ್ಗಿದ ತಲೆಯಿಂದಲೇ ಎಲ್ಲರನ್ನೂ ಕರೆದು, ಬಂದು ನೋಡಿ, ಈ ಹುಡುಗಿ ಇದನ್ನು ಎಲ್ಲಿ ಕಲಿತಳು ಕೇಳಿ ಎಂದ. ನಾನು ಗಂಟಲು ಸರಿಪಡಿಸಿಕೊಂಡೆ. ಯಾರೂ ಕೇಳಲಿಲ್ಲ.

ತೊಡಕು ಬಂದದ್ದು ಕಾಲಿನಿಂದ, ಅದೂ ಮೊದಲು ನನ್ನ ಕಾಲಿನಿಂದ. ಖ್ರೂ ದೇಂಗ್ ಹೊಟ್ಟೆಗೆ ದಪ್ಪ ದಿಂಬು ಕಟ್ಟಿಕೊಂಡು, ಒದೆ ಎಂದ. ಒದ್ದೆ. ಒದ್ದ ಮರುಕ್ಷಣ ನನ್ನ ಬಲಗೈ ನನ್ನನ್ನು ಕೇಳದೆ ಹೋಗಿ ಆ ದಿಂಬನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಿತು. ಪೆಟ್ಟಾಯಿತೇ ಎಂದು ನೋಡುತ್ತಿದ್ದೇನೆಂದು ತಿಳಿದು ಅವನು, ಇಲ್ಲ ಇಲ್ಲ, ಇನ್ನೂ ಜೋರಾಗಿ ಎಂದ. ಜೋರಾಗಿ ಒದ್ದೆ. ಒದೆ ಜೋರಾದಷ್ಟೂ ನಮಸ್ಕಾರವೂ ಜೋರಾಯಿತು.

ನಾನು ಮುದುಕ, ನನ್ನದು ಬಿಡಿ. ಆ ಸಂಜೆ ಬಾಕ್ಸಿಂಗಿನ ಬದಲು ಲೀಲಾಳನ್ನು ನೋಕ್ ಎಂಬ ಹುಡುಗಿಯೊಡನೆ ಅಭ್ಯಾಸಕ್ಕೆ ನಿಲ್ಲಿಸಿದರು. ನೋಕ್ ಅದೇ ಊರಿನವಳು, ಲೀಲಾಳಿಗಿಂತ ಎರಡು ವರ್ಷ ಚಿಕ್ಕವಳು, ಎಂಟನೆಯ ವಯಸ್ಸಿನಿಂದ ಒದೆಯುತ್ತಿರುವವಳು. ಲೀಲಾ ಒಂದು ಒದೆ ಕೊಟ್ಟಳು. ಚೆನ್ನಾಗಿಯೇ ಕೊಟ್ಟಳು. ಕೊಟ್ಟು, ಬಗ್ಗಿ, ಬಲಗೈಯಿಂದ ನೋಕ್‌ಳ ತೊಡೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ತಲೆ ಕೆಳಗೆ, ಕೈ ಕಣ್ಣ ಮೇಲೆ, ಗಲ್ಲ ಬಯಲಿಗೆ. ನೋಕ್ ಅರೆಕ್ಷಣ ದಿಕ್ಕು ತೋಚದೆ ನಿಂತಳು. ಆಮೇಲೆ ಗುದ್ದಿದಳು.

ಮತ್ತೆ ಒದೆ. ಮತ್ತೆ ನಮಸ್ಕಾರ. ಮತ್ತೆ ಗುದ್ದು. ಏಳನೆಯ ಸಲಕ್ಕೆ ಶಿಬಿರದ ಎಲ್ಲರೂ ತಂತಮ್ಮ ಕೆಲಸ ಬಿಟ್ಟು ಬಂದು ಹಗ್ಗದ ಸುತ್ತ ನಿಂತಿದ್ದರು. ಅಡುಗೆಯಮ್ಮ ಸೌಟು ಹಿಡಿದೇ ಬಂದಿದ್ದಳು.

“ಯಾಕ ಹಿಂಗ ಮಾಡಾಕತ್ತೀದಿ?” ಎಂದೆ ನಾನು, ಬೆಳಿಗ್ಗೆ ಅದನ್ನೇ ಮಾಡಿದವನು.

“ನಾ ಏನ್ ಮಾಡ್ಲಿ ಮಾಮಾ, ಕೈ ತಾನ ಹೋಗತೈತಿ. ಅಪ್ಪ ಎದುರಿಗೆ ನಿಂತಂಗ ಆಗತೈತಿ.”

ನನಗೆ ಒಳಗೊಳಗೇ ಗೆದ್ದಂತಾಗಬೇಕಿತ್ತು. ಕಾಲಿನ ವಿದ್ಯೆ ನಮಗೆ ಹೇಳಿಸಿದ್ದಲ್ಲ ಎಂದು ಭಾವನಿಗೆ ಹೇಳಲು ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಆದರೆ ಬಾಕ್ಸಿಂಗ್ ಅವಳ ಕೈಯ ಹಿಡಿತವನ್ನು ಬಿಡಿಸುತ್ತಿತ್ತು. ಥಾಯ್ ಬಾಕ್ಸಿಂಗ್ ಅವಳ ಮನೆತನವನ್ನು ಬಿಡಿಸಬೇಕಾಗಿತ್ತು. ಎರಡೂ ಆಗದಿದ್ದರೆ ಗಾದಿ. ಅವಳು ಆ ರಾತ್ರಿ ಊಟಕ್ಕೆ ಅನ್ನ ಮಾತ್ರ ತಿಂದಳು. ದವಡೆ ಅಷ್ಟಕ್ಕೇ ಒಪ್ಪಿತು.

ಎಂಟನೆಯ ದಿನ

ಇದನ್ನು ಖ್ರೂ ದೇಂಗ್‌ಗೆ ಬಿಡಿಸಿ ಹೇಳಲೇಬೇಕಾಯಿತು. ಹೊಳೆಯ ಕಡೆಯ ಮೆಟ್ಟಿಲ ಮೇಲೆ ಕೂತು ಹೇಳಿದೆ. ನಮ್ಮಲ್ಲಿ ಕಾಲು ಕೀಳು. ತಾಗಿದರೆ ತಪ್ಪು. ತಪ್ಪಿಗೆ ನಮಸ್ಕಾರ. ಅವನು ನಗುತ್ತಾನೆಂದು ಕಾದೆ. ಅವನು ಗಂಭೀರವಾಗಿ ತಲೆಯಾಡಿಸಿದ.

ಅವರಲ್ಲೂ ಹಾಗೆಯೇ ಎಂದು ಆಗ ತಿಳಿಯಿತು. ಅವರು ಬುದ್ಧನ ಕಡೆ ಕಾಲು ಚಾಚಿ ಕೂರುವುದಿಲ್ಲ. ಮಲಗಿದವರನ್ನು ದಾಟುವುದಿಲ್ಲ. ಹಿರಿಯರ ತಲೆಗಿಂತ ತಮ್ಮ ತಲೆ ಮೇಲಾಗದಂತೆ ಬಗ್ಗಿ ಹೋಗುತ್ತಾರೆ. ತಲೆ ದೇವರ ಜಾಗ, ಕಾಲು ಧೂಳಿನ ಜಾಗ. ಎಲ್ಲ ನಮ್ಮದೇ. ಹಾಗಿದ್ದರೆ ಆ ಕಾಲಿನಿಂದ ಆ ತಲೆಗೇ ಒದೆಯುವ ವಿದ್ಯೆಯನ್ನು ಇಷ್ಟು ಶ್ರದ್ಧೆಯಿಂದ ಹೇಗೆ ಬೆಳೆಸಿದಿರಿ ಎಂದು ಕೇಳಿದೆ. ಸ್ವಲ್ಪ ಕಟುವಾಗಿಯೇ ಕೇಳಿದೆನೇನೋ.

ಖ್ರೂ ದೇಂಗ್ ಎದ್ದು ನನ್ನನ್ನು ಅಖಾಡಕ್ಕೆ ಕರೆದುಕೊಂಡು ಹೋದ. ಕಾಳಗಕ್ಕೆ ಮುಂಚೆ ಅವರು ಒಂದು ವಂದನೆ ಮಾಡುತ್ತಾರೆ. ನಾಲ್ಕೂ ಮೂಲೆಗೆ ಹೋಗಿ, ಹಗ್ಗ ಮುಟ್ಟಿ, ನಡುವೆ ಮೊಣಕಾಲೂರಿ, ಮೂರು ಸಲ ನೆಲಕ್ಕೆ ಹಣೆ ಹಚ್ಚಿ, ಆಮೇಲೆ ನಿಧಾನವಾಗಿ ಎದ್ದು ಕೈಗಳನ್ನು ಹಕ್ಕಿಯ ರೆಕ್ಕೆಯಂತೆ ಆಡಿಸುತ್ತಾರೆ. ಮೊದಲ ದಿನದಿಂದ ನೋಡುತ್ತಿದ್ದೆ. ಪ್ರವಾಸಿಗರಿಗಾಗಿ ಮಾಡುವ ಕುಣಿತವೆಂದುಕೊಂಡಿದ್ದೆ. ಅದು ಗುರುವಿಗೆ, ತಂದೆತಾಯಿಗೆ, ಜಾಗಕ್ಕೆ ಮಾಡುವ ನಮಸ್ಕಾರವಂತೆ. ಎದುರಾಳಿಗೂ ಅದರಲ್ಲಿ ಪಾಲಿದೆ ಎಂಬುದು ಖ್ರೂ ದೇಂಗ್‌ನ ನಂಬಿಕೆ. ಇನ್ನು ಮುಂದೆ ನನ್ನ ಕಾಲು ಏನು ಮಾಡುತ್ತದೋ ಅದಕ್ಕೆಲ್ಲ ಈಗಲೇ ಕ್ಷಮೆ ಎಂದು ಅದರ ಅರ್ಥ. ಕಾಳಗ ಮುಗಿದ ಮೇಲೆ ಇಬ್ಬರೂ ಎದುರಾಳಿಯ ಮೂಲೆಗೆ ಹೋಗಿ ಅವರ ಗುರುವಿಗೆ ಕೈಮುಗಿದು, ಅವರು ಕೊಟ್ಟ ನೀರು ಕುಡಿಯುತ್ತಾರೆ. ಮೊದಲೊಂದು, ಕೊನೆಗೊಂದು. ಮಧ್ಯೆ ಇಲ್ಲ. ಮಧ್ಯೆ ಮಾಡುವವನು ಮೊದಲಿನದನ್ನು ಮನಸ್ಸಿಟ್ಟು ಮಾಡಿಲ್ಲವೆಂದೇ ಲೆಕ್ಕ ಎಂದ.

ನಾನು ಇದನ್ನು ಲೀಲಾಳಿಗೆ ಹೇಳಿದೆ. ಮರುದಿನ ಬೆಳಿಗ್ಗೆ ಒಬ್ಬಳೇ ಆ ವಂದನೆ ಕಲಿಯುತ್ತಿದ್ದಳು. ಮೂರು ಸಲ ಹಣೆ ಹಚ್ಚುವಲ್ಲಿ ಅವಳಿಗೆ ಯಾವ ತೊಂದರೆಯೂ ಆಗಲಿಲ್ಲ. ಗರಡಿಯ ಮಣ್ಣಿಗೆ ಹನ್ನೆರಡು ವರ್ಷ ಮಾಡಿದ್ದಾಳೆ.

ಹದಿಮೂರನೆಯ ದಿನ

ಕೊನೆಯ ಪರೀಕ್ಷೆಗೆಂದು ಲೀಲಾಳಿಗೂ ನೋಕ್‌ಳಿಗೂ ಮೂರು ಸುತ್ತಿನ ಕಾಳಗ ಏರ್ಪಾಟಾಯಿತು. ಹಿಂದಿನ ಸಂಜೆ ರಾಮೋನ್ ನನ್ನನ್ನು ಪಕ್ಕಕ್ಕೆ ಕರೆದು ತನ್ನ ಅಭಿಪ್ರಾಯ ಹೇಳಿದ. ಇವಳ ಕೈಗೆ ಒಂದು ವರ್ಷ ಕೊಟ್ಟರೆ ಒಳ್ಳೆಯ ಬಾಕ್ಸರ್ ಮಾಡುತ್ತೇನೆ, ಆದರೆ ಇವಳ ಪಂದ್ಯಕ್ಕೆ ಒಂದು ವರ್ಷವಿಲ್ಲ ಎಂದ. ತನ್ನ ಸರಕು ತಾನೇ ಬೇಡವೆನ್ನುವ ವ್ಯಾಪಾರಿಯನ್ನು ನಾನು ಕಂಡದ್ದು ಅದೇ ಮೊದಲು.

ಊರಿನವರೂ ಒಂದಿಪ್ಪತ್ತು ಜನ ಬಂದಿದ್ದರು. ಲೀಲಾ ನಾಲ್ಕು ಮೂಲೆ ಮುಟ್ಟಿ, ನಡುವೆ ಮೊಣಕಾಲೂರಿ ವಂದನೆ ಮಾಡಿದಳು. ರೆಕ್ಕೆ ಆಡಿಸುವುದನ್ನು ಬಿಟ್ಟುಬಿಟ್ಟಳು. ಅಷ್ಟರಮಟ್ಟಿಗೆ ಅವಳು ಬ್ಯಾಡಗಿಯವಳೇ. ಆದರೆ ಹಣೆಯನ್ನು ನೆಲದಿಂದ ಲಗೂ ಎತ್ತಲಿಲ್ಲ. ಖ್ರೂ ದೇಂಗ್ ಕಾದ. ಗಂಟೆ ಹಿಡಿದವನೂ ಕಾದ.

ಮೊದಲ ಸುತ್ತಿನಲ್ಲಿ ಒದೆಯಲೇ ಇಲ್ಲ. ಕೈ ಮೇಲಿಟ್ಟುಕೊಂಡು ಓಡಾಡಿದಳು, ತೊಡೆಗೆ ನಾಲ್ಕು ತಿಂದಳು. ಎರಡನೆಯ ಸುತ್ತಿನ ನಡುವೆ ಒಂದು ಒದೆ ಹೋಯಿತು. ಪಕ್ಕೆಗೆ ತಾಗಿ ಒದ್ದೆ ಬಟ್ಟೆ ಒಗೆದಂತೆ ಸದ್ದಾಯಿತು. ಅವಳ ಬಲಗೈ ಕೆಳಗಿಳಿಯಲು ಹೊರಟಿತು. ನೋಕ್‌ಳ ಮುಷ್ಟಿ ಅದನ್ನೇ ಕಾಯುತ್ತಿತ್ತು. ನಾನು ಹಗ್ಗ ಹಿಡಿದುಕೊಂಡಿದ್ದೆ. ಆ ಹಗ್ಗ ಇನ್ನೂ ಹಾಗೆಯೇ ಇದ್ದರೆ ನನ್ನ ಬೆರಳಿನ ಗುರುತು ಅಲ್ಲಿದೆ. ಕೈ ಎದೆಯ ಮಟ್ಟಕ್ಕೆ ಬಂದು ನಿಂತಿತು. ಮತ್ತೆ ಗಲ್ಲಕ್ಕೆ ಹೋಯಿತು. ನೋಕ್‌ಳ ಗುದ್ದು ಆ ಕೈಗೆ ತಾಗಿ ವ್ಯರ್ಥವಾಯಿತು.

ಆಮೇಲೆ ಅವಳು ಒದ್ದ ಒದೆಗಳನ್ನು ನಾನು ಎಣಿಸಲಿಲ್ಲ. ಮೂರನೆಯ ಸುತ್ತಿನಲ್ಲಿ ನೋಕ್ ತಿರುಗಿ ಒದ್ದಾಗ ಲೀಲಾ ಆ ಕಾಲನ್ನು ಕಂಕುಳಲ್ಲಿ ಹಿಡಿದು, ಒಂದು ಹೆಜ್ಜೆ ಒಳಗೆ ಹೋಗಿ, ಇನ್ನೊಂದು ಕಾಲನ್ನು ನೆಲದಿಂದ ತಪ್ಪಿಸಿದಳು. ನೋಕ್ ನೆಲಕ್ಕೆ ಬಿದ್ದಳು. ಅದು ನನ್ನ ಪಟ್ಟು. ಗರಡಿಯಲ್ಲಿ ಅದನ್ನು ನಾನು ಹನ್ನೊಂದನೆಯ ವಯಸ್ಸಿನ ಲೀಲಾಳಿಗೆ ಕಲಿಸಿದ್ದೆ. ಬಿ‌ದ್ದವಳ ಮೇಲೆ ಕೂತು ಬೆನ್ನು ನೆಲಕ್ಕೆ ಹಚ್ಚಲು ಹೋದಳು ಎಂಬುದನ್ನೂ ಸತ್ಯಕ್ಕೋಸ್ಕರ ಹೇಳಬೇಕು. ಮಧ್ಯಸ್ಥ ಎಳೆದು ಬಿಡಿಸಿದ.

ಗೆಲುವು ನೋಕ್‌ಳದ್ದೇ ಆಯಿತು. ಅದರಲ್ಲಿ ಅನ್ಯಾಯವಿರಲಿಲ್ಲ. ಲೀಲಾ ಅವಳ ಮೂಲೆಗೆ ಹೋಗಿ ಅಲ್ಲಿ ಗುರುವಿನ ಜಾಗದಲ್ಲಿ ನಿಂತಿದ್ದ ಅವಳ ಅಣ್ಣನಿಗೆ ಕೈಮುಗಿದು, ಅವನು ಕೊಟ್ಟ ನೀರು ಕುಡಿದಳು. ಆಮೇಲೆ ಬಗ್ಗಿ ನೋಕ್‌ಳ ಕಾಲು ಮುಟ್ಟಲು ಹೋದಳು. ನೋಕ್ ಬೆಚ್ಚಿ ಎರಡು ಹೆಜ್ಜೆ ಹಿಂದೆ ಜಿಗಿದಳು. ಹಿಡಿದು ಮತ್ತೆ ಕೆಡವುತ್ತಾಳೆಂದು ತಿಳಿದಳಂತೆ. ಇಬ್ಬರೂ ನಗತೊಡಗಿದರು. ನಿಲ್ಲಿಸಲು ಬಹಳ ಹೊತ್ತು ಹಿಡಿಯಿತು.

ಹದಿನಾಲ್ಕನೆಯ ದಿನ

ಇನ್ನು ಉಳಿದದ್ದು ನನ್ನ ಕಾಳಗ. ಭಾವನಿಗೆ ಫೋನ್ ಮಾಡಬೇಕು.

ಬಾಕ್ಸಿಂಗ್ ಎಂದು ಹೇಳಿಬಿಡುವುದು ಸುಲಭವಿತ್ತು. ಭಾವನಿಗೆ ಹಿತ, ನನಗೆ ಹಿತ, ಊರಲ್ಲಿ ನಾಲ್ಕು ಜನಕ್ಕೆ ಹೇಳಿಕೊಳ್ಳಲು ಹಿತ. ಬಾಕ್ಸಿಂಗನ್ನು ನಾನು ಆರಿಸಿದ್ದೇ ಬ್ಯಾಡಗಿಯಲ್ಲಿ ಹೇಳಲು ಸಲೀಸೆಂಬ ಕಾರಣಕ್ಕೆ ಎಂದು ಆ ಬೆಳಿಗ್ಗೆ ನನಗೇ ಗೊತ್ತಾಯಿತು. ಲೀಲಾ ಮೆಟ್ಟಿಲ ಮೇಲೆ ಕೂತು, ಊದಿದ ತೊಡೆಗೆ ಎಣ್ಣೆ ಹಚ್ಚಿಕೊಳ್ಳುತ್ತ, ಹೊಳೆಯ ಕಡೆ ಮುಖ ಮಾಡಿದ್ದಳು. ಕಿವಿ ಈ ಕಡೆ ಇತ್ತು.

ಭಾವ ಮಾರುಕಟ್ಟೆಯಲ್ಲಿದ್ದ. ಹಿಂದೆ ಹಮಾಲರ ಕೂಗು, ಯಾರೋ ಸೀನುವ ಸದ್ದು ಕೇಳುತ್ತಿತ್ತು. ಲೀಲಾ ಕಲಿಯಬೇಕಾದ್ದು ಥಾಯ್ ಬಾಕ್ಸಿಂಗ್, ಅದರಲ್ಲಿ ಅವಳ ಕುಸ್ತಿ ವ್ಯರ್ಥವಾಗುವುದಿಲ್ಲ, ಇದು ನನ್ನ ತೀರ್ಮಾನ ಎಂದೆ.

“ಕಾಲಿಲೆ ಒದೆಯೂದು ಐತೇನು ಅದರಾಗ?”

“ಐತ್ರಿ.”

“ಮಂದೀಗೆ?”

“ಮಂದೀಗೇರಿ. ಎದುರಿಗೆ ಅವರ ಇರತಾರ.”

ಫೋನಿನಲ್ಲಿ ಒಣಬೀಜ ಗಲಗಲ ಅಂದಂತಾಯಿತು. ಮೆಣಸಿನಕಾಯಿಯೊಂದನ್ನು ಕಿವಿಗೆ ಹಿಡಿದಿದ್ದನೋ ಏನೋ.

“ಒದ್ದ ಮ್ಯಾಲೆ ನಮಸ್ಕಾರ ಮಾಡತಾಳೋ ಇಲ್ಲೋ?”

“ಒದ್ದ ಮ್ಯಾಲೆ ಮಾಡಾಕ ಹೋದರ ಗುದ್ದು ಬೀಳತೈತ್ರಿ, ಭಾವ. ಏಳು ಬಿದ್ದಾವು, ನಾ ನೋಡೇನಿ. ಅದಕ್ಕ ಎಲ್ಲಾ ಒದೆಗೂ ಸೇರಿಸಿ ಮೊದಲ ಒಮ್ಮೆ ಮಾಡತಾಳ. ನೆಲಕ್ಕ ಹಣಿ ಹಚ್ಚಿ, ಮೂರು ಸಲ. ಎಲ್ಲಾ ಮುಗದ ಮ್ಯಾಲೆ ಅವರ ಕಡೆ ಹೋಗಿ ಕೈಮುಗದು, ಅವರ ನೀರು ಕುಡದು ಬರತಾಳ.”

“ಚಿಲ್ಲರೆ ಅಲ್ಲ, ಸಗಟು ಅನ್ನು.”

“ಹೌದ್ರಿ. ಸಗಟು.”

ದಲಾಲಿಗೆ ಇದಕ್ಕಿಂತ ಹೆಚ್ಚಿನ ವಿವರ ಬೇಕಿರಲಿಲ್ಲ. ಆದರೂ ಸುಲಭಕ್ಕೆ ಬಿಡುವವನಲ್ಲ. ಮಗಳಿಗೆ ಫೋನ್ ಕೊಡೆಂದ. ಮೊದಲಿನ ನಮಸ್ಕಾರದಲ್ಲಿ ಯಾರನ್ನು ನೆನೆಯುತ್ತೀ ಎಂದು ಅವಳನ್ನು ಕೇಳಿದನಂತೆ. ನಿನ್ನನ್ನು, ಅವ್ವನನ್ನು, ಗರಡಿಯ ಮಣ್ಣನ್ನು ಎಂದಳಂತೆ. ನಿನ್ನ ಮಾವನನ್ನು ಎಂದು ಅವನು ಕೇಳಿದ್ದಕ್ಕೆ, ಮಣ್ಣಿನಾಗ ಅವರೂ ಬಂದರಲ್ಲ ಎಂದಳಂತೆ. ಈ ಉತ್ತರವನ್ನು ಯಾವ ರೀತಿ ತೆಗೆದುಕೊಳ್ಳಬೇಕೆಂದು ನಾನು ಇನ್ನೂ ಯೋಚಿಸುತ್ತಿದ್ದೇನೆ.

“ಅಪ್ಪ ಏನಂದ?” ಎಂದು ಕೇಳಿದೆ.

“ಆಗಲಿ ಅಂದ್ರು.” ಅವಳು ಫೋನನ್ನು ನನ್ನ ಕೈಗಿಟ್ಟು ಎದ್ದು, ಕುಂಟುತ್ತ ಅಖಾಡದ ಕಡೆ ಹೋದಳು.

ಶಿವಲೀಲಾ ಇನ್ನೂ ಎರಡು ತಿಂಗಳು ಅಲ್ಲೇ ಉಳಿದು ಕಲಿತಳು. ನಾನು ಮರುದಿನ ಹೊರಟು ಬಂದೆ. ಪಂದ್ಯ ಕೊಲ್ಹಾಪುರದಲ್ಲಿ ನಡೆಯಿತು. ಮೂರು ಸುತ್ತೂ ಪೂರ್ತಿ ಆದವು. ಮೂವರು ತೀರ್ಪುಗಾರರಲ್ಲಿ ಇಬ್ಬರು ಅವಳು ಗೆದ್ದಳೆಂದು ಬರೆದರು.